ಖಾಲಿ ಎಂದು ಬರೆದ ಮೈದಾನ

ಅಕ್ಕಾ, ನಮಸ್ಕಾರ. ನೀನು ಕಟ್ಟಿಕೊಟ್ಟ ಮಾತ್ರೆಯಿಂದ ಕೆಮ್ಮು ಇಳಿದಿದೆ, ಚಿಂತೆ ಬೇಡ.

ಈ ಊರು ದಿನ ಬೆಳಗಾದರೆ ಬೆಳೆಯುತ್ತಿದೆ. ಯಾವ ಜಾಗ ಯಾವುದಕ್ಕೆಂದು ಇಲ್ಲಿ ಜನರನ್ನೇ ಕೂರಿಸಿಕೊಂಡು ತೀರ್ಮಾನಿಸುತ್ತಾರೆ. ನಿನ್ನೆ ಶಾಲೆಯ ದೊಡ್ಡ ಕೋಣೆಯಲ್ಲಿ ನಾನು ಬರೆದ ನಕ್ಷೆಯನ್ನು ನೆಲಕ್ಕೆ ಹಾಸಿದ್ದೆವು. ಜನ ಚಪ್ಪಲಿ ಬಿಟ್ಟು ಅದರ ಮೇಲೆಯೇ ಓಡಾಡಿ ತಮ್ಮ ತಮ್ಮ ಮನೆ ಹುಡುಕುತ್ತಿದ್ದರು. ಬಟ್ಟೆ ಒಗೆಯುವ ಕೇರಿಯ ಅಜ್ಜಿಯೊಬ್ಬರು ಒಂದು ಕಡೆ ನಿಂತು, "ಇಲ್ಲೇನು ಬರೆದಿದೆ, ಓದಪ್ಪ," ಅಂದರು. ಅದು ಅವರು ಬಟ್ಟೆ ಒಣಹಾಕುವ ಮೈದಾನ. ನಾನು ಬರೆದಿದ್ದದ್ದು "ಖಾಲಿ ಜಾಗ". ಅಳತೆಗೆ ಹೋದದ್ದು ಮಳೆಯ ದಿನ, ಒಂದು ಚಿಂದಿಯೂ ಅಲ್ಲಿರಲಿಲ್ಲ. ಆ ನಕ್ಷೆ ನೋಡಿಯೇ ಲಾರಿಯವರು ಲಾರಿ ನಿಲ್ಲಿಸಲು ಆ ಜಾಗ ತಮಗೆ ಬೇಕೆಂದು ಪಟ್ಟು ಹಿಡಿದಿದ್ದಾರೆ. ತಿಂಗಳಿಂದ ಎರಡು ಕಡೆಯವರಿಗೂ ಕೈಕೈ ಮಿಲಾಯಿಸುವ ಜಗಳ.

ಓದಿದೆ.

"ಯಾರು ಬರೆದಿದ್ದು ಇದನ್ನ?"

"ಹಳೇ ನಕ್ಷೆ ಅಜ್ಜಿ, ಯಾರು ಬರೆದ್ರೋ ಏನೋ," ಅಂದುಬಿಟ್ಟೆ.

"ಹೋಗ್ಲಿ, ನೀನೇ ಸರಿಯಾಗಿ ಬರಿ ಮಗಾ," ಎಂದು ಪೆನ್ನು ಕೈಗಿತ್ತರು.

ಮೊಣಕಾಲೂರಿ "ಖಾಲಿ ಜಾಗ"ದ ಕೆಳಗೇ "ಬಟ್ಟೆ ಒಣಹಾಕುವ ಮೈದಾನ" ಎಂದು ಬರೆದೆ. ನೀನು ಗೆಣ್ಣಿಗೆ ಹೊಡೆದು ಕಲಿಸಿದ ಇದೇ ದುಂಡು ಅಕ್ಷರ. ಅಜ್ಜಿಗೆ ಓದು ಬಾರದು, ಸುತ್ತ ನಿಂತವರಿಗೆ ಬರುತ್ತದೆ. ಅವರು ಮೇಲಿನ ಸಾಲು ನೋಡಿದರು, ಕೆಳಗಿನ ಸಾಲು ನೋಡಿದರು, ಆಮೇಲೆ ನನ್ನನ್ನು ನೋಡಿದರು.

ತೆರೆದ ಕಾರ್ಡು, ಅಂಚೆಯವನು ಹೇಗೂ ಓದಿರುತ್ತಾನೆ. ಭಾವನಿಗೆ ಮಾತ್ರ ಈ ಕಾರ್ಡು ತೋರಿಸಬೇಡ.

ನಿನ್ನ ತಮ್ಮ