ಆಕಾಶಮಲ್ಲಿಗೆಗೆ ಹದಿನೆಂಟು ಚೊಂಬು

ಏಪ್ರಿಲ್ 9

ಇವತ್ತೂ ಹದಿನೆಂಟು ಚೊಂಬು. ಅಡುಗೆಮನೆಯಿಂದ ಗೇಟಿನವರೆಗೆ, ಒಂದೊಂದೇ. ಮಂಡಿ ಆಪರೇಷನ್ ಆದಮೇಲೆ ಎರಡು ತಿಂಗಳು ಮಂಚ ಬಿಟ್ಟು ಕದಲದ ಅತ್ತೆ! ಫಿಸಿಯೋಥೆರಪಿಯವಳನ್ನು ಬೈದು ಓಡಿಸಿದವರು. ಆರ್‌ಓ ಮಷೀನಿನ ವೇಸ್ಟ್ ನೀರು ಮೋರಿಗೆ ಹೋಗುವುದು ಕಂಡು, "ಇಷ್ಟ್ ನೀರ್ನ ಚೆಲ್ತೀರಾ? ಗಿಡಕ್ಕಾದ್ರೂ ಹಾಕ್ಬಾರ್ದೇನ್ರೇ" ಎಂದು ತಾವೇ ಎದ್ದರು. ಅತ್ತೆಯನ್ನು ನಡೆಸಿದ್ದು ಡಾಕ್ಟರಲ್ಲ, ಗೇಟಿನ ಪಕ್ಕದ ಆಕಾಶಮಲ್ಲಿಗೆ. ನಾಲ್ಕು ವರ್ಷದ ಗಿಡ, ಇನ್ನೂ ಒಂದೂ ಹೂ ಬಿಟ್ಟಿಲ್ಲ. ಪರವಾಗಿಲ್ಲ ತಾಯಿ, ನಿನ್ನ ಋಣ ದೊಡ್ಡದು.

ಏಪ್ರಿಲ್ 26

ಎಲೆಗಳ ತುದಿ ಕಂದು. ಸುಟ್ಟ ಹಾಗೆ. ಬೇವಿನೆಣ್ಣೆ ಸ್ಪ್ರೇ ಮಾಡಿದೆ. ಬಿಸಿಲಿಗೆ ಹಾಗಾಗಿದೆ ಅಂತ ನಾಗೇಶ್. ನಮ್ಮ ಯಜಮಾನರಿಗೆ ಎಲ್ಲಕ್ಕೂ ಬಿಸಿಲೇ ಕಾರಣ. ಪಾಪ ಬಾಡುತ್ತಿದೆ ಅಂತ ಅತ್ತೆ ಇಪ್ಪತ್ತೈದು ಚೊಂಬಿಗೆ ಏರಿಸಿದ್ದಾರೆ.

ಮೇ 4, ಭಾನುವಾರ

ಕಡಬದಿಂದ ನಮ್ಮಣ್ಣ ಕನಕರಾಜ ಬಂದಿದ್ದ. ಎಳನೀರು ಇಳಿಸಿ, ಸೀದಾ ಗಿಡದ ಹತ್ತಿರ ಹೋದ. ಬುಡದ ಮಣ್ಣಿನ ಮೇಲೆ ಬೆಳ್ಳಗೆ ಕಟ್ಟಿದ್ದನ್ನು ತೋರಿಸಿದ. ಆರ್‌ಓ ನೀರು ಹಿಡಿದಿಡುವ ಬಕೆಟ್ ತರಿಸಿ, ಬೆರಳದ್ದಿ ನಾಲಿಗೆಗಿಟ್ಟು ಉಗಿದ.

"ಏನ್ ಪ್ರಮೀಳಾ, ತುಮಕೂರ್ ಬೋರ್ ನೀರಿನ್ ಉಪ್ಪೆಲ್ಲಾ ಇದ್ರಾಗೇ ಐತಲ್ಲೇ! ಇದ್ನೇ ಹುಯ್ತಿದ್ರೆ ಮಳೆಗಾಲ ಕಾಣಲ್ಲ ಗಿಡ. ಒಳ್ಳೆ ನೀರ್ ಬುಡು. ಬುಡಕ್ಕೆ ತೆಂಗಿನ್ ಸಿಪ್ಪೆ ಹಾಕು."

ಅತ್ತೆಗೆ ಹೇಗೆ ಹೇಳುವುದು? ನೀವೇ ಕೊಲ್ಲುತ್ತಿದ್ದೀರಿ ಅಂತಲೇ? ಹೇಳಿದರೆ ಮತ್ತೆ ಮಂಚ ಹಿಡಿಯುತ್ತಾರೆ. ಹೇಳದಿದ್ದರೆ ಗಿಡ ಉಳಿಯುವುದಿಲ್ಲ.

ಮೇ 5, ಬೆಳಿಗ್ಗೆ 5.20

ಅವರು ಏಳುವ ಮುಂಚೆ ಆರ್‌ಓ ನೀರನ್ನು ಬಚ್ಚಲಿಗೆ ಸುರಿದೆ. ಸಂಪಿನಿಂದ ಹೇಮಾವತಿಯ ನಲ್ಲಿ ನೀರು ತುಂಬಿಸಿಟ್ಟೆ. ಅದೇ ಬಕೆಟ್, ಅದೇ ಜಾಗ. ಸ್ವಂತ ಮನೆಯಲ್ಲಿ ಕಳ್ಳಿಯಾದೆ.

ಮೇ 23

ಎರಡು ಮಳೆ ಚೆನ್ನಾಗಿ ಬಿತ್ತು. ಉಪ್ಪು ತೊಳೆದುಹೋಗಿರಬೇಕು. ಎಲೆ ಮಾತ್ರ ಉದುರುತ್ತಲೇ ಇದೆ. ಅತ್ತೆ ಕಾಂಡ ಸವರುತ್ತಾ ನಿಂತಿರುತ್ತಾರೆ. ನೋಡಲಾಗುವುದಿಲ್ಲ.

ಜೂನ್ 17

ಚಿಗುರು! ಮೂರು ಕಡೆ! ಅಣ್ಣನಿಗೆ ಫೋನ್ ಮಾಡಿ ಕಿರುಚಿದೆ. ಅವನಿಗೆ ಕೈಮುಗಿಯಲೋ, ಮಳೆಗೆ ಮುಗಿಯಲೋ... ಇಬ್ಬರಿಗೂ.

ಜೂನ್ 29

ನಿನ್ನೆ ಸಂಜೆಯಿಂದ ಜ್ವರ. ಎದ್ದಾಗ ಎಂಟು ಗಂಟೆ. ಬಕೆಟ್ ನೆನಪಾಗಿ ಓಡಿದೆ. ತುಂಬಿತ್ತು. ನಾಲಿಗೆಗೆ ಹಚ್ಚಿ ನೋಡಿದೆ — ಸಿಹಿ ನೀರು. ಸಂಪಿನ ಮುಚ್ಚಳ ಪಕ್ಕಕ್ಕೆ ಸರಿದಿತ್ತು. ಅತ್ತೆಯ ಸೀರೆ ಮೊಣಕಾಲವರೆಗೆ ನೆಂದಿತ್ತು.

"ನಿಮಗೆ ಗೊತ್ತಿತ್ತಾ ಅತ್ತೆ?"

"ನಿಮ್ಮಣ್ಣ ಕಿಟಕಿ ಕೆಳಗ್ ನಿಂತ್ಕಂಡು ಕೂಗಾಡಿದ್ದು ಕೇಳಲ್ವೇನೇ? ನಂಗ್ ಕೆಟ್ಟಿರೋದು ಮಂಡಿ, ಕಿವಿಯಲ್ಲ."

"ಮತ್ಯಾಕೆ ಸುಮ್ಮನಿದ್ರಿ?"

ಅತ್ತೆ ಸೀರೆ ಹಿಂಡಿಕೊಂಡರು. "ನಾನೇ ಸಾಯಿಸ್ಬುಟ್ನಲ್ಲಾ ಅಂತ ಅವತ್ತೆಲ್ಲಾ ಕಣ್ಣೀರ್ ಹಾಕ್ದೆ. ಇನ್ ಮಂಚ ಬಿಟ್ಟು ಏಳಬಾರ್ದು ಅನ್ಕಂಡಿದ್ದೆ. ಬೆಳಿಗ್ಗೆ ನೋಡಿದ್ರೆ ಬಚ್ಚಲಲ್ಲಿ ನಿನ್ ಬಕೆಟ್ ಸದ್ದು. ನಂಗೋಸ್ಕರ ಇವ್ಳು ಇಷ್ಟ್ ಮಾಡುವಾಗ ನಾನ್ ಮಲ್ಗಿರೋದಾ ಅನ್ನಿಸ್ತು ಕಣೇ. ಎದ್ದೆ."

ಆ ಕಾಲಿನಲ್ಲಿ ಸಂಪಿನಿಂದ ನೀರು ಸೇದಿ ಹೊತ್ತಿದ್ದಾರೆ. ಬೈಯಬೇಕಿತ್ತು. ಅತ್ತುಬಿಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಈಕೆಗೆ ಒಮ್ಮೆಯೂ ಥ್ಯಾಂಕ್ಸ್ ಅಂದಿಲ್ಲ. ಅಂದರೆ "ಏನ್ ಹೊಸಬ್ರಂಗೆ" ಅಂತ ರೇಗುತ್ತಾರೆ. ರೇಗಲಿ. ಗೇಟಿನ ಹತ್ತಿರದಿಂದ ಕರೆಯುತ್ತಿದ್ದಾರೆ. ಹೋಗಿ ಮೊದಲು ಥ್ಯಾಂಕ್ಸ್ ಅಂದುಬಿಡುತ್ತೇನೆ.