ನಿಂಬೆವ್ವನ ಹೆಸರು ಗುಡ್ಡ ಹತ್ತಿದ ದಿನ

ಪಾಟಿಗುಡ್ಡ
ಇಸವಿ ೨೩೧೮, ಹದಿಮೂರನೇ ತಿಂಗಳು, ನಲವತ್ತನೇ ತಾರೀಖು

ಹಿಂದಿನ ಕಾಲದವರೇ,

ತಾರೀಖು ನೋಡಿ ಹುಬ್ಬೇರಿಸಬೇಡಿ. ಬೇಸಿಗೆ ಉದ್ದವಾದದ್ದರಿಂದ ನಾವು ಪಂಚಾಂಗವನ್ನೂ ಎಳೆದು ಉದ್ದ ಮಾಡಿಕೊಂಡಿದ್ದೇವೆ. ನಡುವೆ ತಿಳಿಯದ ಮಾತು ಬಂದರೆ ಕ್ಷಮಿಸಿ. ನಿಮ್ಮ ಮಾತೂ ನಮಗೆ ಅಷ್ಟೇ ವಿಚಿತ್ರ.

ನಮ್ಮೂರಲ್ಲಿ ತೀರಿಹೋದವರ ಹೆಸರನ್ನು ಕೂಸಿಗೆ ಇಡಬೇಕಾದರೆ, ನೀವು ತೋಡಿ ಬಿಟ್ಟುಹೋದ ಗಣಿಯ ಬಾಯಲ್ಲಿ ಹೊಸದೊಂದು ಪಾಟಿಕಲ್ಲು ಸೀಳಿ, ಸುಣ್ಣದ ಕಡ್ಡಿಯಿಂದ ಹೆಸರು ಬರೆದು, ಗುಡ್ಡದ ನೆತ್ತಿಗೆ ಒಯ್ಯಬೇಕು. ಅಲ್ಲಿ ಊರ ಹಿರಿಯಳು ಓದಿದರೆ ಹೆಸರು ಕೂಸಿನದು. ದಾರಿಯಲ್ಲಿ ಅಳಿಸಿಹೋದರೆ ಗುಡ್ಡದ ಪಾಲು. ಮತ್ತೆ ಯಾರಿಗೂ ಇಡುವಂತಿಲ್ಲ. ನನ್ನ ಮಗಳಿಗೆ ನಮ್ಮವ್ವ ನಿಂಬೆವ್ವನ ಹೆಸರೇ ಬೇಕೆಂದು ಹಟ ಹಿಡಿದಿದ್ದೆ. ಆ ಹೆಸರು ಕೂಗದೆ ಮನೆ ಬಿಕೋ ಅನ್ನುತ್ತಿತ್ತು.

ಬೆಳಿಗ್ಗೆ ಹೊರಟೆವು. ಕೂಸು ನನ್ನ ಬೆನ್ನಿಗೆ, ಅವ್ವನ ಹೆಸರು ಬರೆದ ಪಾಟಿ ಗಂಡ ಮಲಕಾಜಿಯ ಕೈಗೆ. ಇಬ್ಬರ ಮೈಮೇಲೂ ಕಪ್ಪು ನೆರಳಂಗಿ, ಎಂದರೆ ಬಿಸಿಲು ನುಂಗಿ ಒಳಗೆ ತಂಪು ಬಿಡುವ ಮೊಣಕಾಲುದ್ದದ ಅಂಗಿ. ಗಣಿಗಳ ಒಳಗೆ ಈಗ ಬಾವಲಿಗಳ ಸಂಸಾರ. ಹೊಂಡಗಳಲ್ಲಿ ತಿಳಿನೀರು, ನೀರಿನ ಮೇಲೆ ಬಾಗಿದ ಸೀತಾಫಲ. ಕಾಲಡಿಯ ಪಾಟಿಚೂರು ಹಪ್ಪಳ ಮುರಿದ ಹಾಗೆ ಸದ್ದು ಮಾಡುತ್ತಿತ್ತು. ಮಲಕಾಜಿ ಪಾಟಿಯನ್ನು ಬಂಡೆಯ ಮೇಲೆ ಜೋಪಾನವಾಗಿಟ್ಟು, ಸೊಂಟದವರೆಗೆ ನೀರಿಗಿಳಿದು ಹಣ್ಣು ಕಿತ್ತು ತಂದ. ಆಮೇಲೆ ಉಸ್ಸಪ್ಪಾ ಎಂದು ಅದೇ ಪಾಟಿಯ ಮೇಲೆ ಕುಳಿತ.

ಎದ್ದಾಗ ಪಾಟಿ ಖಾಲಿ. ನನಗೆ ಅಳುವೇ ಬಂತು. ಬೈಯಲು ಬಾಯಿ ತೆರೆದವಳು ಅವನ ಹಿಂಭಾಗ ನೋಡಿದೆ. ಒದ್ದೆ ಅಂಗಿಯ ಮೇಲೆ ಅವ್ವನ ಹೆಸರು ಬೆಳ್ಳಗೆ, ಉಲ್ಟಾ ಮೂಡಿತ್ತು.

“ನೆತ್ತಿ ಮುಟ್ಟೂತನಾ ಎಲ್ಲೂ ಕುಂದರಬ್ಯಾಡ,” ಎಂದೆ.

ಪಾಪ, ಕೂರಲಿಲ್ಲ. ಬೆನ್ನ ಹಿಂದಿನಿಂದ ಗಾಳಿ ಎದ್ದಾಗಲೆಲ್ಲ ತಿರುಗಿ, ಅದಕ್ಕೆ ಎದೆಗೊಟ್ಟು, ಹಿಂದುಹಿಂದಾಗಿ ಹತ್ತಿದ.

ನೆತ್ತಿಯಲ್ಲಿ ಕಾದಿದ್ದ ಹಿರಿಯಳು ಹೊನ್ನಕ್ಕಜ್ಜಿ ಖಾಲಿ ಪಾಟಿ ನೋಡಿ ಅಡ್ಡಡ್ಡ ತಲೆಯಾಡಿಸಿದಳು. ನಾನು ಗಂಡನನ್ನು ಹಿಡಿದು ತಿರುಗಿಸಿದೆ. ಅಜ್ಜಿ ಬಗ್ಗಿ ಒಂದೊಂದೇ ಅಕ್ಷರ ಕೂಡಿಸುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು.

“ಉಲ್ಟಾ ಐತಿ,” ಎಂದಳು ಕೊನೆಗೆ. “ಆದ್ರ ಅಳಿಸಿಲ್ಲ. ನಿಂಬೆವ್ವ.”

ಎಷ್ಟು ನಕ್ಕೆವೆಂದರೆ ಕೂಸು ಬೆಚ್ಚಿ ಅತ್ತಿತು. ಅವಳನ್ನು ನಿಂಬೆವ್ವ ಎಂದು ಕರೆದೇ ಸಮಾಧಾನ ಮಾಡಿದೆ.

ಈ ಕಾಗದ ಮುಟ್ಟುವ ಹೊತ್ತಿಗೆ ನೀವಿನ್ನೂ ಅಗೆಯುತ್ತಿದ್ದರೆ, ದಯವಿಟ್ಟು ಒಂದು ಪದರ ಬಿಟ್ಟುಬಿಡಿ. ಮುಂದೆ ಯಾವತ್ತಾದರೂ ನನ್ನ ಹೆಸರು ಹತ್ತಿಸಲು ನಿಂಬೆವ್ವನಿಗೆ ಒಂದು ಪಾಟಿ ಬೇಕಾಗುತ್ತದೆ. ಕೂರದ ಗಂಡನನ್ನು ಅವಳೇ ಹುಡುಕಿಕೊಳ್ಳಲಿ.

ಇಂತಿ,
ಮಲಕಾಜಿಯ ಹೆಂಡತಿ, ನಿಂಬೆವ್ವನ ಮಗಳು, ನಿಂಬೆವ್ವನ ತಾಯಿ
ಚೆಲುವಕ್ಕ