ಹಗ್ಗ ಹಿಡಿದವನ ಪಾಲು

ಬೆಳಂಬಾರ, ಅಂಕೋಲಾ ತಾಲೂಕು
೯ ನವೆಂಬರ್ ೨೦೨೫, ರವಿವಾರ

ನಿಶಾಳ ಪಪ್ಪನಿಗೆ ನೀತಾ ಮಾಡುವ ನಮಸ್ಕಾರ.

ಹೇಗಿದ್ದೀರಿ? ಬಲಭುಜದ ನೋವು ಕಡಿಮೆಯಾಯಿತೇ? ಮಾಲ್ಟಾದಲ್ಲಿ ಈಗ ಚಳಿ ಶುರುವಾಗಿರಬೇಕು. ಕಳಿಸಿದ ಸ್ವೆಟರನ್ನು ಮೈಮೇಲೆ ಹಾಕುತ್ತೀರೋ, ತಲೆದಿಂಬು ಮಾಡಿಕೊಂಡಿದ್ದೀರೋ, ದೇವರೇ ಬಲ್ಲ. ಇಲ್ಲಿ ನಾವೆಲ್ಲ ಆರಾಮ. ಅತ್ತೆಗೆ ಮೊಣಕಾಲು ಬಿಟ್ಟರೆ ಬೇರೇನೂ ತೊಂದರೆಯಿಲ್ಲ, ಬಾಯಂತೂ ಮೊದಲಿಗಿಂತ ಚುರುಕು. ನಾಗೇಶ ಭಾವ ಹಂಚು ಸರಿಮಾಡಿಸಿದರು. ನಿಶಾ ಮೂರನೇ ಇಯತ್ತೆಯ ಮಗ್ಗಿಯನ್ನು ಅಂಗಳಕ್ಕೆಲ್ಲ ಕೇಳುವ ಹಾಗೆ ಒದರುತ್ತಾಳೆ. ಈ ಸಲ ಬಾಂಗಡೆ ಚೆನ್ನಾಗಿ ಬಿದ್ದಿದೆ, ತಾರ್ಲೆ ಮೀನೇ ಇಲ್ಲ.

ಫೋನಿರುವಾಗ ಕಾಗದ ಯಾಕೆ ಅಂತ ಕೇಳುತ್ತೀರಿ. ನೀವು ಫೋನ್ ಎತ್ತುವುದಿಲ್ಲವಲ್ಲ, ಅದಕ್ಕೇ. ನಿಶಾ ಇದರ ಫೋಟೋ ತೆಗೆದು ಕಳಿಸುತ್ತಾಳೆ. ಇನ್ನೊಂದು ಕಾರಣವೂ ಇದೆ. ನಾವಿಬ್ಬರೂ ಕೊಂಕಣಿಯಲ್ಲಿ ಮಾತಾಡಿದರೆ ಎರಡನೇ ಮಾತಿಗೇ ಜಗಳ. ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆದರೆ ನನ್ನ ಸಿಟ್ಟಿಗೂ ಸ್ವಲ್ಪ ಮರ್ಯಾದೆ ಬರುತ್ತದೆ. ಅವತ್ತು ಫೋನಿನಲ್ಲಿ ನಿಮ್ಮ ಮಾತು ಕೇಳಿ ನಾನು ನಕ್ಕಿದ್ದು ನಿಜ. ಆದರೆ ನೀವು ಹೇಳಿದ್ದೇ ಹಾಗಿತ್ತು. ರಜೆಯ ದಿನ ದೋಣಿ ನಿಲ್ಲುವ ದಕ್ಕೆಯ ಕಡೆ ಹೋದಿರಿ, ನಾಲ್ಕು ಮುದುಕರು ದೋಣಿಯನ್ನು ದಡಕ್ಕೆ ಎಳೆಯುತ್ತಿದ್ದರು, ನೀವೂ ಹೋಗಿ ಹಗ್ಗಕ್ಕೆ ಕೈ ಹಚ್ಚಿದಿರಿ. ಅಲ್ಲಿಯವರೆಗೆ ಸರಿಯೇ. ದೋಣಿ ಮೇಲೆ ಬಂದದ್ದೇ ತಡ, ಯಾರನ್ನೂ ಕೇಳದೆ ಅವರ ಬುಟ್ಟಿಯಿಂದ ಎರಡು ಮೀನು ಆರಿಸಿ ಜೇಬಿನ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡಿರಿ! ಬೆಳಂಬಾರದ ಯಾವ ಮಗು ಬೇಕಾದರೂ ಅದನ್ನೇ ಮಾಡುತ್ತಿತ್ತು ಅನ್ನಿ. ಇಲ್ಲಿ ಊರೇ ಸೇರಿ ದಡಕ್ಕೆ ಎಳೆಯುವ ರಂಪಣಿ ಬಲೆಯ ಹಗ್ಗ ಹಿಡಿದವರಿಗೆಲ್ಲ ಪಾಲು, ದಾರಿಹೋಕನಿಗೂ. ಬುಟ್ಟಿಯ ಒಡೆಯನಾದ ಆ ಮುದುಕನಿಗೆ ಅದು ಹೇಗೆ ಗೊತ್ತಿರಬೇಕು? ಕಳ್ಳ ಅಂದುಕೊಂಡ. ಅವನು ಅವರ ಭಾಷೆಯಲ್ಲಿ ಕೂಗಿದ, ನೀವು ಇಂಗ್ಲಿಷಿನಲ್ಲಿ ತೊದಲಿದಿರಿ, ಜನ ಸೇರಿತು. ಕಡೆಗೆ ನಿಮ್ಮ ಜೊತೆಗಿದ್ದ ಈಜಿಪ್ಟಿನವನು ನಡುವೆ ಬಂದು ಬಿಡಿಸಿದ. ಐದು ವರ್ಷ ಆ ನೀರಿನ ಮೇಲೆ ದುಡಿದು, ಎರಡು ಮೀನಿಗೆ ಕಳ್ಳನಾದೆನಲ್ಲ ಅಂತ ನಿಮಗೆ ಹೊಟ್ಟೆ ಉರಿಯಿತು. ಅದು ನನಗೆ ಅರ್ಥವಾಗುತ್ತದೆ. ಆ ಸಿಟ್ಟಿಗೆ ಮಾಲ್ಟೀಸ್ ಕ್ಲಾಸು ಬಿಟ್ಟಿರಿ ನೋಡಿ, ಅದು ಮಾತ್ರ ಅರ್ಥವಾಗುವುದಿಲ್ಲ.

ಡಿಸೆಂಬರಿನಲ್ಲಿ ಭಾಷೆಯ ಪರೀಕ್ಷೆ ಪಾಸಾದರೆ ಕಾಯಂ ವಾಸದ ಪರವಾನಗಿಗೆ ಅರ್ಜಿ, ಅದು ಸಿಕ್ಕರೆ ನನ್ನನ್ನೂ ನಿಶಾಳನ್ನೂ ಕರೆಸಿಕೊಳ್ಳುತ್ತೇನೆ ಅಂದವರು ನೀವೇ. ಈಗ ಹೇಳುತ್ತೀರಿ, ನಮ್ಮ ಅಂಕೋಲಾ ತಾಲೂಕಿನಷ್ಟೂ ಇಲ್ಲದ ದೇಶ, ಎಲ್ಲರಿಗೂ ಇಂಗ್ಲಿಷ್ ಬರುತ್ತದೆ, ಅರ್ಧ ಜನಕ್ಕೆ ಇಟಾಲಿಯನ್ ಬರುತ್ತದೆ, ಕೆಲಸಕ್ಕೆ ಬಂದವರಿಗೆ ಅವರ ಭಾಷೆಯನ್ನೇ ಕಲಿ ಅಂತ ಯಾಕೆ ಕಾಡಬೇಕು ಅಂತ. ನನಗೊಂದು ನೆನಪಾಯಿತು. ಮದುವೆಯಾದ ಹೊಸತರಲ್ಲಿ ನಾನು ಅರ್ಗಾದ ನೌಕಾನೆಲೆಯ ಕ್ವಾರ್ಟರ್ಸಿಗೆ ಮೀನು ಮಾರಲು ಹೋಗುತ್ತಿದ್ದೆ. ಅಲ್ಲಿಯ ಹೆಂಗಸರಿಗಾಗಿ ಹಿಂದಿ ಕಲಿತೆ, ನಮ್ಮ ಶೆಟ್ಲಿಗೆ, ಅಂದರೆ ಸಿಗಡಿಗೆ, ಬಂಗಾಲಿಗಳು ಏನನ್ನುತ್ತಾರೆ, ಮಲಯಾಳಿಗಳು ಏನನ್ನುತ್ತಾರೆ ಎಲ್ಲ ಕಲಿತೆ. ಅವರು ಮಾತ್ರ ‘ಯೇ ಕ್ಯಾ ಹೈ’ ಬಿಟ್ಟು ಮುಂದೆ ಹೋಗಲಿಲ್ಲ. ಮನೆಗೆ ಬಂದು ಹೇಳಿದರೆ ನೀವು ಊಟದ ತಟ್ಟೆ ಸರಿಸಿ ಎದ್ದಿರಿ. ‘ಇಷ್ಟು ವರ್ಷ ಇಲ್ಲಿಯ ನೀರು ಕುಡ್ದು ಒಂದು ಮಾತು ಕಲೀಲಿಲ್ಲ ಅಂದ್ರೆ ಎಂಥಾ ಸೊಕ್ಕು ಅವ್ರದ್ದು!’ ಅಂದವರು ನೀವೇ. ಈಗ ಮಾಲ್ಟಾದ ಯಾವುದೋ ಮನೆಯಲ್ಲಿ ಯಾರೋ ತಟ್ಟೆ ಸರಿಸಿ ನಿಮ್ಮ ಬಗ್ಗೆ ಅದನ್ನೇ ಹೇಳುತ್ತಿರಬಹುದು. ಅಷ್ಟು ಚಿಕ್ಕ ದೇಶ, ಸುತ್ತ ದೊಡ್ಡ ದೊಡ್ಡ ಭಾಷೆಗಳು. ಅವರು ತಮ್ಮದನ್ನು ಬಿಗಿಯಾಗಿ ಹಿಡಿಯದಿದ್ದರೆ ಬೇರೆ ಯಾರು ಹಿಡಿಯಬೇಕು? ಕೊಂಕಣಿ ಮಾತಾಡಿ ಕನ್ನಡದಲ್ಲಿ ಬರೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಶಾಳನ್ನು ಈಗಲೇ ಕನ್ನಡ ಶಾಲೆ ಬಿಡಿಸು, ಮನೆಯಲ್ಲೂ ಇಂಗ್ಲಿಷೇ ಮಾತಾಡು ಅಂತ ನೀವು ಹೇಳಿದ್ದನ್ನು ನಾನು ಮಾಡಿಲ್ಲ, ಮಾಡುವುದೂ ಇಲ್ಲ. ಅವಳು ಅಜ್ಜಿಯ ಹತ್ತಿರ ಕೊಂಕಣಿ, ಶಾಲೆಯಲ್ಲಿ ಕನ್ನಡ, ಟಿವಿಯ ಎದುರು ಹಿಂದಿ ಆಡುತ್ತಾಳೆ. ಇನ್ನೆರಡು ಬಂದರೂ ಅವಳ ತಲೆ ಒಡೆಯುವುದಿಲ್ಲ. ಇಂಗ್ಲಿಷನ್ನು ನಾನು ಮನೆಯಲ್ಲಿ ಮಾತಾಡಿದರೆ ನಿಮ್ಮ ತಾಯಿ ಊಟ ಬಿಡುತ್ತಾರೆ.

ಮೊನ್ನೆ ಇಲ್ಲಿಯೂ ಒಂದು ತಮಾಷೆಯಾಯಿತು. ರಂಪಣಿ ಎಳೆಯುವಾಗ ಹೆದ್ದಾರಿ ಕೆಲಸಕ್ಕೆ ಬಂದ ಝಾರ್ಖಂಡದವನೊಬ್ಬ ತಾನಾಗಿ ಬಂದು ಹಗ್ಗ ಹಿಡಿದ. ಬಲೆ ದಡಕ್ಕೆ ಬಂತು, ಅವನು ಕೈ ಕೊಡವಿ ಹೊರಟೇಬಿಟ್ಟ. ಅತ್ತೆ ಬುಟ್ಟಿ ಹಿಡಿದು ಹಿಂದೆ ಓಡಿದರು, ಆ ಮೊಣಕಾಲಲ್ಲಿ! ‘ತುಜೊ ವಾಂಟೊ ವ್ಹರ ರೇ!’ ಅಂತ ಒಂದೇ ಕೂಗು. ನಿನ್ನ ಪಾಲು ಒಯ್ಯೋ ಅಂದರೆ ಅವನು ಬೈಯುತ್ತಿದ್ದಾರೆ ಅಂದುಕೊಂಡು ಓಡತೊಡಗಿದ. ನಾನು ಹಿಂದಿಯಲ್ಲಿ ಕರೆದ ಮೇಲೆ ನಿಂತ. ಮೀನು ಕೈಗಿಟ್ಟರೆ ತೆಗೆದುಕೊಳ್ಳಲು ಹೆದರುತ್ತಾನೆ, ಪಾಪ. ಎಲ್ಲರೂ ನಕ್ಕರು, ನನಗೆ ಮಾತ್ರ ನಗು ಬರಲಿಲ್ಲ. ನಿಮ್ಮ ಮುಖ ಕಣ್ಣೆದುರು ಬಂದು ಅಳುವೇ ಬಂತು. ಮರುದಿನ ಅವನು ಮತ್ತೆ ಬಂದ. ಎಳೆದಾದ ಮೇಲೆ ಅತ್ತೆಯ ಎದುರು ನಿಂತು, ನಾಚಿಕೊಂಡು, ‘ವಾಂಟೊ’ ಅಂದ. ಅತ್ತೆ ಅವನಿಗೆ ನಾಲ್ಕು ಬಾಂಗಡೆ ಹೆಚ್ಚಿಗೆ ಹಾಕಿದರು. ಅದರಲ್ಲಿ ಎರಡು ನನ್ನ ಬುಟ್ಟಿಯವು.

ನೀವು ಪರೀಕ್ಷೆ ಬರೆಯುವುದು, ಬಿಡುವುದು ನಿಮಗೆ ಬಿಟ್ಟಿದ್ದು, ನಾನು ಒತ್ತಾಯ ಮಾಡುವುದಿಲ್ಲ. ಆದರೆ ರಜೆಯ ದಿನ ಇನ್ನೊಮ್ಮೆ ಆ ದಕ್ಕೆಗೆ ಹೋಗಿ. ಹಗ್ಗ ಹಿಡಿಯಿರಿ, ಬುಟ್ಟಿಯ ಕಡೆ ನೋಡಬೇಡಿ. ನಮ್ಮ ಊರಿನ ಪದ್ಧತಿಯನ್ನು ಆ ಮುದುಕನಿಗೆ ಅವನ ಭಾಷೆಯಲ್ಲೇ ಹೇಳಿ, ತಪ್ಪಾದರೂ ಪರವಾಗಿಲ್ಲ.

‘ಸಂದೇಶಾಕ ಸಾಂಗ, ನನ್ನ ಮಗನಿಗೆ ಹೇಳು, ಹೊತ್ತಿಗೆ ಸರಿಯಾಗಿ ಉಣ್ಣಲಿ’ ಅಂತ ಅತ್ತೆ ಆಶೀರ್ವಾದದ ಜೊತೆ ಹೇಳಿಸಿದ್ದಾರೆ. ಭಾವನವರು ನಿಮ್ಮ ಕ್ಷೇಮ ಕೇಳಿದ್ದಾರೆ. ನಿಶಾ ಮುತ್ತು ಕಳಿಸಿದ್ದಾಳೆ, ಫೋಟೋದಲ್ಲಿ ಕಾಗದದ ಮೂಲೆ ಒದ್ದೆಯಾಗಿ ಕಂಡರೆ ಅದೇ. ಭುಜಕ್ಕೆ ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ
ನೀತಾ

ತಾ.ಕ.: ನಿಶಾ ಫೋಟೋ ತೆಗೆಯಲು ಅವಸರ ಮಾಡುತ್ತಿದ್ದಾಳೆ. ಒಂದು ಮಾತು ಉಳಿದಿತ್ತು. ಅಂಕೋಲೆಯ ಮೀನುಪೇಟೆಯಲ್ಲಿ ಅತ್ತೆ ನನಗೆ ಕೊಟ್ಟಿದ್ದ ಜಾಗವನ್ನು ಪಕ್ಕದ ಮನೆಯ ರುಕ್ಮಿಣಿಗೆ ಬಿಟ್ಟುಕೊಟ್ಟೆ. ನಿಮ್ಮ ಫೋನ್ ನಿಂತ ವಾರವೇ ಕೊಟ್ಟೆ. ಅತ್ತೆಯೇ ಅವಳನ್ನು ಕೈಹಿಡಿದು ಕೂರಿಸಿದರು. ಹಾಗೆ ಕೊಟ್ಟ ಜಾಗವನ್ನು ನಮ್ಮಲ್ಲಿ ಯಾರೂ ವಾಪಸ್ ಕೇಳುವುದಿಲ್ಲ, ನಿಮಗೆ ಗೊತ್ತು. ಬರುವ ಸಂಕ್ರಾಂತಿಯವರೆಗೆ ಇಬ್ಬರೂ ಅಲ್ಲೇ ಕೂರುತ್ತೇವೆ, ಆಮೇಲೆ ನನಗೆ ಇಲ್ಲಿ ಬುಟ್ಟಿ ಇಡಲು ಜಾಗವಿಲ್ಲ. ನಾಳೆ ಕ್ಲಾಸಿಗೆ ಹೋಗಿ.